ಬಂಡೆ ನುಡಿಯದ ಸಾಕ್ಷ್ಯ

ರಾಮನಗರದ ಬಂಡೆಗಳ ಹೆಸರೆತ್ತಿದರೆ ಸಾಕು, ಕೇಳುವವರು ಯಾವ ಊರಿನವರೇ ಆಗಿರಲಿ, ಅವರ ಬಾಯಿಂದ ಹೊರಡುವ ಮಾತು ಒಂದೇ: 'ಶೋಲೆ'. 1973ರ ಅಕ್ಟೋಬರಿನಲ್ಲಿ ರಮೇಶ್ ಸಿಪ್ಪಿಯವರು ಇಲ್ಲಿಗೆ ಬಂದು, ಬೆಟ್ಟದ ಬುಡದಲ್ಲಿ ರಾಮಗಢವೆಂಬ ಹಳ್ಳಿಯನ್ನೇ ಕಟ್ಟಿಸಿ, 1975ರ ಆಗಸ್ಟ್ 15ರಂದು ಆ ಚಿತ್ರವನ್ನು ತೆರೆಗೆ ತಂದರು. ಅಂದಿನಿಂದ ಇಂದಿನವರೆಗೆ ಗಬ್ಬರ್ ಸಿಂಗ್ ಈ ಸೀಮೆಯ ಅನಭಿಷಿಕ್ತ ಪಾಳೆಯಗಾರನಾಗಿ ಉಳಿದುಕೊಂಡಿದ್ದಾನೆ. ಕೆಂಪೇಗೌಡರ ಕಾಲದ ಕೋಟೆಗಳನ್ನು ಕಾಣಲು ಬರುವವರಿಗಿಂತ ಗಬ್ಬರನ ಬಂಡೆಯನ್ನು ಹುಡುಕಿಕೊಂಡು ಬರುವವರೇ ಹೆಚ್ಚು. ಇದರಲ್ಲಿ ಆಕ್ಷೇಪಿಸಬೇಕಾದುದೇನೂ ಇಲ್ಲ. ಜನ ತಮಗೆ ಬೇಕಾದುದನ್ನು ನೆನಪಿಟ್ಟುಕೊಳ್ಳುತ್ತಾರೆ.

ಆದರೆ ಜನ ಮರೆತುದೂ ಒಂದಿದೆ. 'ಶೋಲೆ' ಬಂದು ಹತ್ತು ವರ್ಷ ತುಂಬುವುದರೊಳಗೆ, ಇದೇ ರಾಮದೇವರ ಬೆಟ್ಟದಲ್ಲಿ, ಇಲ್ಲಿಗೆ ಬಹು ದೂರವಲ್ಲದ ಮಾಗಡಿ ತಾಲ್ಲೂಕಿನ ಸಾವನದುರ್ಗದಲ್ಲಿ, ಇನ್ನೊಂದು ಚಿತ್ರ ತಯಾರಾಯಿತು. ಅದೂ ಒಂದು ಅಪರಾಧದ ಕಥೆಯೇ. ನಿರ್ದೇಶಿಸಿದವರು ಸಾಮಾನ್ಯರಲ್ಲ, ಡೇವಿಡ್ ಲೀನ್. ಚಿತ್ರದ ಹೆಸರು 'ಎ ಪ್ಯಾಸೇಜ್ ಟು ಇಂಡಿಯಾ'. ಇ. ಎಂ. ಫಾರ್ಸ್ಟರ್ ಅವರ 1924ರ ಕಾದಂಬರಿಯನ್ನಾಧರಿಸಿದ ಈ ಚಿತ್ರ 1984ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು; ಹನ್ನೊಂದು ಆಸ್ಕರ್ ನಾಮಕರಣಗಳನ್ನು ಪಡೆದು ಎರಡನ್ನು ಗೆದ್ದಿತು. ಹೊರಗಿನ ಜಗತ್ತು ಅದನ್ನು ಮರೆತಿಲ್ಲವೆನ್ನೋಣ. ಆದರೆ ಅದಕ್ಕೆ ಮೈಕೊಟ್ಟ ಈ ನೆಲದಲ್ಲಿ ಅದರ ಸುಳಿವೇ ಇಲ್ಲ. ನಮ್ಮ ತರಗತಿಗೆ ಚನ್ನಪಟ್ಟಣದಿಂದ, ಕನಕಪುರದಿಂದ, ಮಾಗಡಿಯಿಂದ ಹುಡುಗರು ಬರುತ್ತಾರೆ. ಮಾಗಡಿಯ ಹುಡುಗನಿಗೂ ಸಾವನದುರ್ಗದಲ್ಲಿ ಇಂಥದೊಂದು ನಡೆಯಿತೆಂಬುದು ಗೊತ್ತಿಲ್ಲ. ಗೊತ್ತಿದ್ದವರೂ ಅದನ್ನು 'ಇಂಗ್ಲಿಷರ ಕಾಲದ ಒಂದು ದೊಡ್ಡ ಚಿತ್ರ' ಎಂದಷ್ಟೇ ತಿಳಿದಿರುತ್ತಾರೆ. ರೈಲು, ಆನೆ, ಕೊಡೆ ಹಿಡಿದ ದೊರೆಸಾನಿಯರು, ಇಷ್ಟೇ.

ಅದನ್ನು ಅಪರಾಧಚಿತ್ರವೆಂದು ಓದಬೇಕು, ಹಾಗೆ ಓದಿದಾಗಲೇ ಅದರ ಸತ್ತ್ವ ತಿಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಅಪರಾಧಚಿತ್ರಕ್ಕೆ ಬೇಕಾದ ಸಾಮಗ್ರಿಯೆಲ್ಲ ಅಲ್ಲಿದೆ: ಏಕಾಂತದ ಒಂದು ಸ್ಥಳ, ಒಬ್ಬ ಆರೋಪಿ, ಒಬ್ಬಳು ಫಿರ್ಯಾದಿ, ಹರಿದ ಪಟ್ಟಿಯ ಒಂದು ದುರ್ಬೀನು, ರೈಲ್ವೆ ನಿಲ್ದಾಣದಲ್ಲಿ ಒಂದು ದಸ್ತಗಿರಿ, ಕೋರ್ಟು, ವಕೀಲರು, ತೀರ್ಪು. ಇಲ್ಲದಿರುವುದು ಒಂದೇ, ಅಪರಾಧ. ಅದು ನಡೆಯಿತೋ ಇಲ್ಲವೋ ಎಂಬುದನ್ನು ಕೊನೆಯವರೆಗೂ ಯಾರೂ ಖಚಿತವಾಗಿ ಹೇಳಲಾರರು. 'ಶೋಲೆ'ಯಲ್ಲಿ ಅಪರಾಧಕ್ಕೆ ಒಂದು ಮುಖವಿದೆ, ಗಡ್ಡವಿದೆ, ನಗೆಯಿದೆ. ಇಲ್ಲಿ ಅಪರಾಧದ ಜಾಗದಲ್ಲಿ ಒಂದು ಟೊಳ್ಳಿದೆ. ನಮ್ಮ ಜನ ಮುಖವಿರುವುದನ್ನು ನೆನಪಿಟ್ಟುಕೊಂಡು ಟೊಳ್ಳನ್ನು ಮರೆತದ್ದು ಸಹಜವೇ.

ಚಿತ್ರ ಇಲ್ಲಿಗೆ ಬಂದ ಬಗೆಯೇ ಒಂದು ಸ್ವಾರಸ್ಯದ ಕಥೆ. ಫಾರ್ಸ್ಟರ್ ಅವರು 1913ರ ಆರಂಭದಲ್ಲಿ ಬಿಹಾರದ ಬರಾಬರ್ ಗುಹೆಗಳನ್ನು ನೋಡಿದ್ದರು. ಅಶೋಕನ ಕಾಲದಲ್ಲಿ ಆಜೀವಿಕ ಸಂನ್ಯಾಸಿಗಳಿಗಾಗಿ ಕೊರೆದ ಗುಹೆಗಳು ಅವು. ಒಳಗೋಡೆಗಳನ್ನು ಕನ್ನಡಿಯಂತೆ ಉಜ್ಜಿ ನಯಮಾಡಿದ್ದಾರೆ. ಸದ್ದುಮಾಡಿದರೆ ಮಾರ್ದನಿ ಬಹಳ ಹೊತ್ತು ನಿಲ್ಲುತ್ತದೆ. ಕಾದಂಬರಿಯಲ್ಲಿ ಅವೇ ಮರಾಬಾರ್ ಗುಹೆಗಳಾದವು. ಲೀನ್ ಅವರು ಚಿತ್ರದ ಸಿದ್ಧತೆಯಲ್ಲಿ ಬರಾಬರಿಗೆ ಹೋಗಿ ನೋಡಿದರು. ಬೆಟ್ಟ ಚಪ್ಪಟೆಯಾಗಿ, ಕಣ್ಣಿಗೆ ಸಪ್ಪೆಯಾಗಿ ಕಂಡಿತು. ಸಾಲದ್ದಕ್ಕೆ ಆ ಕಡೆ ಡಕಾಯಿತರ ಭಯವೂ ಇತ್ತು. ಡಕಾಯಿತರಿಗೆ ಅಂಜಿ ಅವರು ಆರಿಸಿಕೊಂಡದ್ದು ಗಬ್ಬರ್ ಸಿಂಗನ ಬೆಟ್ಟವನ್ನು! ಸಿನಿಮಾ ಜಗತ್ತಿನ ವಿನೋದಗಳಲ್ಲಿ ಇದಕ್ಕಿಂತ ಚೆಲುವಾದುದು ನನಗೆ ತಿಳಿದಿಲ್ಲ. ಬೆಟ್ಟವೇನೋ ಸಿಕ್ಕಿತು, ಗುಹೆ ಬೇಕಲ್ಲ? ಚಿತ್ರದವರೇ ಬಂಡೆಯ ಮೈಯಲ್ಲಿ ಸಣ್ಣ ಸಣ್ಣ ಗುಹೆಬಾಯಿಗಳನ್ನು ಕೊರೆಸಿದರು. ಬೆಂಗಳೂರಿನ ಅರಮನೆಯಲ್ಲಿ ಕೆಲವು ಒಳಾಂಗಣ ದೃಶ್ಯಗಳು, ನೀಲಗಿರಿಯಲ್ಲಿ ರೈಲು, ಕೊನೆಗೆ ಕಾಶ್ಮೀರ. ಹೀಗೆ ಬಿಹಾರದ ಕಥೆ ಮೈಸೂರು ಸೀಮೆಯ ಕಲ್ಲಿನಲ್ಲಿ ಹುಟ್ಟಿಕೊಂಡಿತು.

ಕನ್ನಡ ನಾಡಿಗೆ ಇನ್ನೊಂದು ನಂಟೂ ಇದೆ. ಚಿತ್ರದ ಶೀರ್ಷಿಕೆಗಳಲ್ಲಿ ಫಾರ್ಸ್ಟರ್ ಅವರ ಹೆಸರಿನೊಡನೆ ಶಾಂತಾ ರಾಮರಾವ್ ಅವರ ಹೆಸರೂ ಬರುತ್ತದೆ. ಅವರ ತಂದೆ ಮಂಗಳೂರಿನ ಬೆನಗಲ್ ಮನೆತನದ ರಾಮರಾಯರು; ತಾಯಿ ಧನವಂತಿಯವರು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಶಾಂತಾ ಅವರು ಕಾದಂಬರಿಯನ್ನು ನಾಟಕವಾಗಿಸಿದರು. 1960ರಲ್ಲಿ ಅದು ಇಂಗ್ಲೆಂಡಿನಲ್ಲಿ ರಂಗವೇರಿತು, 1962ರಲ್ಲಿ ನ್ಯೂಯಾರ್ಕಿಗೂ ಹೋಯಿತು. ಫಾರ್ಸ್ಟರ್ ಆ ನಾಟಕವನ್ನು ಮೆಚ್ಚಿದರು, ಆದರೆ ಸಿನಿಮಾಕ್ಕೆ ಮಾತ್ರ ಒಪ್ಪಲೇ ಇಲ್ಲ. ಸತ್ಯಜಿತ್ ರಾಯರು ಕೇಳಿದಾಗಲೂ ಕೊಡಲಿಲ್ಲ. ಅವರು 1970ರಲ್ಲಿ ತೀರಿಕೊಂಡ ಮೇಲೆಯೇ ಹಾದಿ ತೆರೆದದ್ದು. ರಾಯರ ಕೈಯಲ್ಲಿ ಈ ಕಥೆ ಏನಾಗುತ್ತಿತ್ತೋ ಎಂದು ಒಂದು ಕ್ಷಣ ಆಸೆಯಾಗುತ್ತದೆ. ಆದರೆ ಆಗದೆ ಹೋದುದನ್ನು ವಿಮರ್ಶಿಸುವುದು ವಿಮರ್ಶಕರ ಕೆಲಸವಲ್ಲ.

ಕಥೆಯನ್ನು ತಿಳಿಯದವರಿಗಾಗಿ ನಾಲ್ಕು ಮಾತು. ಚಂದ್ರಾಪುರವೆಂಬ ಜಿಲ್ಲಾ ಪಟ್ಟಣದಲ್ಲಿ ಮ್ಯಾಜಿಸ್ಟ್ರೇಟನಾಗಿರುವ ರಾನಿ ಎಂಬ ಆಂಗ್ಲ ತರುಣನನ್ನು ಕಾಣಲು ಅವನ ತಾಯಿ ಮಿಸೆಸ್ ಮೂರ್ ಮತ್ತು ಅವನನ್ನು ವರಿಸಬೇಕಾಗಿರುವ ಅಡೆಲಾ ಬರುತ್ತಾರೆ. 'ನಿಜವಾದ ಇಂಡಿಯಾ'ವನ್ನು ಕಾಣುವ ಹಂಬಲ ಅಡೆಲಾಳದು. ಮಿಸೆಸ್ ಮೂರ್‌ಗೆ ಒಂದು ರಾತ್ರಿ, ಬೆಳುದಿಂಗಳಿನಲ್ಲಿ, ಮಸೀದಿಯೊಂದರಲ್ಲಿ ಡಾಕ್ಟರ್ ಅಜೀಜನ ಪರಿಚಯವಾಗುತ್ತದೆ. ಅಜೀಜ್ ಭಾವುಕ, ವಿಧುರ, ಸ್ನೇಹಕ್ಕಾಗಿ ಹಾತೊರೆಯುವವನು. ಸೌಜನ್ಯದ ಭರದಲ್ಲಿ ಅವರಿಬ್ಬರನ್ನೂ ಮರಾಬಾರ್ ಗುಹೆಗಳಿಗೆ ಕರೆದುಬಿಡುತ್ತಾನೆ. ಸಾಲಸೋಲ ಮಾಡಿ ರೈಲು, ಆನೆ, ಅಡಿಗೆಯವರು ಎಲ್ಲವನ್ನೂ ಹೊಂದಿಸುತ್ತಾನೆ. ಜೊತೆಗೆ ಬರಬೇಕಾಗಿದ್ದ ಕಾಲೇಜು ಪ್ರಿನ್ಸಿಪಾಲ ಫೀಲ್ಡಿಂಗನಿಗೆ ರೈಲು ತಪ್ಪುತ್ತದೆ. ಪ್ರೊಫೆಸರ್ ಗೋಡ್ಬೋಲೆಯ ಪೂಜೆ ಮುಗಿಯುವುದು ತಡವಾದದ್ದೇ ಕಾರಣ. ಎಷ್ಟೊಂದು ಅನಾಹುತಗಳ ಬೇರು ಎಷ್ಟು ಚಿಕ್ಕ ವಿಷಯದಲ್ಲಿರುತ್ತದೆ ಎಂಬುದನ್ನು ಈ ಪ್ರಸಂಗ ಸದ್ದಿಲ್ಲದೆ ಹೇಳಿಬಿಡುತ್ತದೆ.

ಇನ್ನು ಗುಹೆಯ ಪ್ರಸಂಗ. ಚಿತ್ರದ ಪ್ರಾಣ ಇರುವುದು ಇಲ್ಲಿ.

ಮೊದಲನೆಯ ಗುಹೆಗೆ ಎಲ್ಲರೂ ನುಗ್ಗುತ್ತಾರೆ. ಕತ್ತಲು, ನೂಕುನುಗ್ಗಲು, ಮಾರ್ದನಿ. ಮಿಸೆಸ್ ಮೂರ್ ಉಸಿರುಕಟ್ಟಿದಂತಾಗಿ ಹೊರಗೆ ಬಂದುಬಿಡುತ್ತಾರೆ. ಆ ಮುದುಕಿಯ ಮುಖದಲ್ಲಿ ಆ ಕ್ಷಣದಿಂದ ಏನೋ ಒಂದು ಆರಿಹೋಗುತ್ತದೆ. ಪೆಗ್ಗಿ ಆಶ್‌ಕ್ರಾಫ್ಟ್ ಅವರು ಒಂದು ಮಾತೂ ಇಲ್ಲದೆ ಅದನ್ನು ತೋರಿಸುತ್ತಾರೆ. ಅವರು ಕೆಳಗೆ ಉಳಿಯುತ್ತಾರೆ. ಅಜೀಜ್, ಅಡೆಲಾ, ದಾರಿ ತೋರಿಸುವ ಒಬ್ಬ ಹಳ್ಳಿಗ, ಈ ಮೂವರೇ ಬಂಡೆಯನ್ನು ಹತ್ತುತ್ತಾರೆ. ಹತ್ತುವಾಗ ಅಡೆಲಾ ಅಜೀಜನ ತೀರಿಹೋದ ಹೆಂಡತಿಯ ಮಾತೆತ್ತುತ್ತಾಳೆ. ಅವಳ ಮನಸ್ಸಿನಲ್ಲಿರುವುದು ತನ್ನದೇ ಮದುವೆ. ಪ್ರೀತಿಯಿಲ್ಲದ ಮದುವೆಗೆ ಒಪ್ಪಿಬಿಟ್ಟೆನಲ್ಲ ಎಂಬ ಸಂಶಯ. ಅಜೀಜನಿಗೆ ಮುಜುಗರವಾಗಿ ಒಂದು ಸಿಗರೇಟು ಸೇದುವ ನೆವದಿಂದ ಪಕ್ಕಕ್ಕೆ ಸರಿಯುತ್ತಾನೆ. ಅಷ್ಟರಲ್ಲಿ ಅವಳು ಒಂದು ಗುಹೆಯನ್ನು ಹೊಕ್ಕಿರುತ್ತಾಳೆ. ಬೆಂಕಿಕಡ್ಡಿ ಗೀರುತ್ತಾಳೆ. ಗುಹೆಯ ಬಾಯಲ್ಲಿ ಅಜೀಜನ ಕಪ್ಪು ಆಕೃತಿ ನಿಲ್ಲುತ್ತದೆ. ಅವನು ಅವಳ ಹೆಸರು ಹಿಡಿದು ಕರೆಯುತ್ತಾನೆ. ಅದು ಒಳಗೆ ಉರುಳಾಡುತ್ತದೆ.

ಅಷ್ಟೇ. ಮುಂದೆ ನಾವು ಕಾಣುವುದು ಕಳ್ಳಿಗಿಡಗಳ ನಡುವೆ ಬಂಡೆಯ ಇಳಿಜಾರಿನಲ್ಲಿ ಎದ್ದುಬಿದ್ದು ಓಡುತ್ತಿರುವ ಅಡೆಲಾಳನ್ನು, ಮೈಕೈಯೆಲ್ಲ ಮುಳ್ಳು, ಗೀರು, ರಕ್ತ. ನಡುವಿನದನ್ನು ಚಿತ್ರ ಕೊಡುವುದಿಲ್ಲ. ಈ ಕೊಡದಿರುವಿಕೆಯನ್ನು ಕೆಲವರು ಕಣ್ಣಾಮುಚ್ಚಾಲೆಯಾಟವೆಂದು ಹಳಿದಿದ್ದಾರೆ. ಹಾಗಲ್ಲ. ಫಾರ್ಸ್ಟರ್ ಅವರ ಮೊದಲ ಕರಡುಗಳಲ್ಲಿ ಗುಹೆಯೊಳಗೆ ನಿಜವಾಗಿಯೇ ಒಂದು ಹಲ್ಲೆ ನಡೆಯುತ್ತಿತ್ತು. ಅವರು ಅದನ್ನು ತೆಗೆದುಹಾಕಿದರು. ಅದು ಮನುಷ್ಯನೋ, ಅತಿಮಾನುಷವೋ, ಬರಿಯ ಭ್ರಾಂತಿಯೋ ಎಂಬುದನ್ನು ಹೇಳಿಬಿಟ್ಟರೆ ತಾನು ಬರೆದದ್ದು ಬೇರೆಯೇ ಪುಸ್ತಕವಾಗಿಬಿಡುತ್ತದೆ ಎಂದು ಗೆಳೆಯರೊಬ್ಬರಿಗೆ ಬರೆದರು. ಲೇಖಕ ಬಲ್ಲದ್ದನ್ನು ಮುಚ್ಚಿಟ್ಟರೆ ಅದು ತಂತ್ರ. ತಾನೂ ತಿಳಿಯದೆ ನಿಲ್ಲಲು ಒಪ್ಪಿದರೆ ಅದು ಬೇರೆ ಜಾತಿಯ ಧೈರ್ಯ. ಪತ್ತೇದಾರಿ ಕಥೆಗಳ ಭರವಸೆ ಏನು? ಕೊನೆಯ ಅಧ್ಯಾಯದಲ್ಲಿ ಎಲ್ಲವೂ ತಿಳಿದೀತೆಂಬುದು. ಅದನ್ನೇ ಕಿತ್ತುಕೊಂಡ ಮೇಲೆ ಉಳಿಯುವುದು ಮನುಷ್ಯರ ವರ್ತನೆ ಮಾತ್ರ: ಏನೂ ತಿಳಿಯದೆ ಇರುವಾಗ ಯಾರು ಯಾರನ್ನು ಅಪರಾಧಿಯೆಂದು ನಂಬಲು ಸಿದ್ಧರಾಗುತ್ತಾರೆ?

ಇಲ್ಲಿ ನಮ್ಮ ಬಂಡೆ ಮಾಡುವ ಕೆಲಸವನ್ನು ಗಮನಿಸಬೇಕು. 'ಶೋಲೆ'ಯಲ್ಲಿ ಬಂಡೆ ರಂಗಸಜ್ಜಿಕೆ. ಗಬ್ಬರ್ ಅದರ ಮೇಲೆ ನಿಂತಾಗ ಅವನು ಎತ್ತರವಾಗುತ್ತಾನೆ, ಅಷ್ಟೇ ಅದರ ಉಪಯೋಗ. ಲೀನ್ ಅವರು ಬಂಡೆಯನ್ನು ಯಾರಿಗೂ ಪೀಠವಾಗಿಸುವುದಿಲ್ಲ. ಅವರ ಛಾಯಾಗ್ರಾಹಕರಾದ ಅರ್ನೆಸ್ಟ್ ಡೇ ಅದನ್ನು ಬೋಳಾಗಿ, ಬಿಸಿಲಿಗೆ ಬೆಂದು, ಮನುಷ್ಯರ ಕಡೆ ಲಕ್ಷ್ಯವೇ ಇಲ್ಲದ ಒಂದು ಇರವಾಗಿ ತೋರಿಸುತ್ತಾರೆ. ಈ ಕಲ್ಲನ್ನು ಭೂವಿಜ್ಞಾನಿಗಳು ಇಂದಿಗೂ ರಾಮನಗರದ ಹಿಂದಿನ ಹೆಸರಿನಿಂದ 'ಕ್ಲೋಸ್‌ಪೇಟೆ ಗ್ರಾನೈಟ್' ಎಂದೇ ಕರೆಯುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಬ್ಯಾರಿ ಕ್ಲೋಸ್ ಎಂಬ ಇಂಗ್ಲಿಷ್ ರೆಸಿಡೆಂಟನ ಹೆಸರು 250 ಕೋಟಿ ವರ್ಷದ ಕಲ್ಲಿಗೆ ಅಂಟಿಕೊಂಡಿರುವುದನ್ನು ಫಾರ್ಸ್ಟರ್ ಕೇಳಿದ್ದರೆ ನಕ್ಕುಬಿಡುತ್ತಿದ್ದರೇನೋ. ಸಾವನದುರ್ಗಕ್ಕಂತೂ ಇಂಗ್ಲಿಷರ ಪರಿಚಯ ಹಳೆಯದು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಅದನ್ನು ಟಿಪ್ಪುವಿನ ಕೈಯಿಂದ ಕಸಿದುಕೊಂಡಿತ್ತು. ಆ ಬಂಡೆಯ ಮೈಮೇಲೆ ಇನ್ನೂರು ವರ್ಷಗಳ ಬಳಿಕ ಒಬ್ಬಳು ಆಂಗ್ಲ ಯುವತಿ ದಿಕ್ಕೆಟ್ಟು ಓಡುವುದನ್ನು ನೋಡುವಾಗ, ಈ ಸೀಮೆಯವರಾದ ನಮಗೆ ಲಂಡನ್ನಿನ ಪ್ರೇಕ್ಷಕನಿಗೆ ಕಾಣದ ಇನ್ನೊಂದು ಪದರವೂ ಕಂಡೀತು.

ಮಾರ್ದನಿಯ ಮಾತನ್ನೂ ಹೇಳಬೇಕು. ನಮ್ಮ ಕಾವ್ಯಮೀಮಾಂಸಕರು ಧ್ವನಿಯನ್ನು ವಿವರಿಸುವಾಗ ಗಂಟೆಯ ಅನುರಣನದ ಹೋಲಿಕೆಯನ್ನು ತರುತ್ತಾರೆ. ಗಂಟೆ ಬಡಿದ ಮೇಲೆ ಉಳಿಯುವ ನಾದದಂತೆ, ಮಾತು ಮುಗಿದ ಮೇಲೂ ಅರ್ಥ ಬೆಳೆಯುತ್ತ ಹೋಗುವುದು ಧ್ವನಿ. ಕವಿರಾಜಮಾರ್ಗದ ಕಾಲದಿಂದಲೂ ಕನ್ನಡಕ್ಕೆ ಆ ಪದದ ಪರಿಚಯವುಂಟು. ಮರಾಬಾರಿನ ಮಾರ್ದನಿ ಇದಕ್ಕೆ ತದ್ವಿರುದ್ಧವಾದುದು. ಅಲ್ಲಿ ಏನು ಹೇಳಿದರೂ ಒಂದೇ ಮೊಳಗು ಮರಳಿ ಬರುತ್ತದೆ. ಪ್ರಾರ್ಥನೆ, ಬೈಗುಳ, ಹೆಸರು, ಕೆಮ್ಮು ಎಲ್ಲಕ್ಕೂ ಒಂದೇ ಉತ್ತರ. ಅರ್ಥವನ್ನು ಬೆಳೆಸುವ ಅನುರಣನವಲ್ಲ, ಅರ್ಥವನ್ನು ನುಂಗುವ ಅನುರಣನ. ಮಿಸೆಸ್ ಮೂರ್ ಅವರನ್ನು ಕೆಡವಿದ್ದು ಇದೇ. ಜೀವಮಾನವೆಲ್ಲ ನಂಬಿದ ದೇವರ ಮಾತುಗಳೂ ಆ ಗುಹೆಯಲ್ಲಿ ಇದೇ ಮೊಳಗಾದಾವು ಎಂದು ತಿಳಿದ ಮೇಲೆ ಆಕೆಗೆ ಯಾವ ಮಾತೂ ಬೇಡವಾಗುತ್ತದೆ. ಅಜೀಜನ ಪರವಾಗಿ ನುಡಿಯಬಹುದಾಗಿದ್ದ ಒಬ್ಬಳೇ ಒಬ್ಬಳು ಆಂಗ್ಲ ಹೆಂಗಸು ಸಾಕ್ಷ್ಯ ಹೇಳದೆಯೇ ಹಡಗು ಹತ್ತಿ, ದಾರಿಯಲ್ಲೇ ತೀರಿಕೊಳ್ಳುತ್ತಾಳೆ.

ದಸ್ತಗಿರಿಯಿಂದ ಮುಂದಕ್ಕೆ ಚಿತ್ರ ಚುರುಕಾಗುತ್ತದೆ. ನಿಲ್ದಾಣದಲ್ಲಿ ರೈಲಿನಿಂದ ಇಳಿಯುವಷ್ಟರಲ್ಲೇ ಅಜೀಜನನ್ನು ಹಿಡಿಯುತ್ತಾರೆ. ಹಿಡಿಯುವವನು ಹಕ್ ಎಂಬ ಭಾರತೀಯ ಇನ್ಸ್‌ಪೆಕ್ಟರ್. ಬೆಳಿಗ್ಗೆ ಅತಿಥಿಗಳಿಗಾಗಿ ಆನೆ ತರಿಸಿದವನು ಸಂಜೆಗೆ ಆರೋಪಿ. ಜೇಬಿನಲ್ಲಿ ಸಿಕ್ಕಿದ ಅಡೆಲಾಳ ದುರ್ಬೀನು ಅವನ ವಿರುದ್ಧ ಸಾಕ್ಷ್ಯವಾಗುತ್ತದೆ. ಅದು ಗುಹೆಯ ಬಳಿ ಬಿದ್ದಿತ್ತು, ಹಿಂದಿರುಗಿಸೋಣವೆಂದು ಅವನು ಎತ್ತಿಕೊಂಡಿದ್ದ. ಒಂದೇ ವಸ್ತು ಸ್ನೇಹಿತನ ಜೇಬಿನಲ್ಲಿದ್ದರೆ ಉಪಕಾರ, ಆರೋಪಿಯ ಜೇಬಿನಲ್ಲಿದ್ದರೆ ಪುರಾವೆ. ಕ್ಲಬ್ಬಿನಲ್ಲಿ ಸೇರಿದ ಬಿಳಿಯರಿಗೆ ವಿಚಾರಣೆ ಬೇಕಾಗಿಯೇ ಇಲ್ಲ. ಪೋಲೀಸ್ ಅಧಿಕಾರಿ ಮೆಕ್‌ಬ್ರೈಡನ ಬಳಿ ಚರ್ಮದ ಬಣ್ಣಕ್ಕೂ ಕಾಮಕ್ಕೂ ಗಂಟುಹಾಕುವ ಒಂದು ಸಿದ್ಧಾಂತವೇ ಇದೆ. ಅದನ್ನು ಕೋರ್ಟಿನಲ್ಲಿ ವಿಜ್ಞಾನವೆಂಬಂತೆ ಮಂಡಿಸುತ್ತಾನೆ. ಫೀಲ್ಡಿಂಗ್ ಒಬ್ಬನೇ ಅಜೀಜ್ ನಿರ್ದೋಷಿಯೆಂದು ಹೇಳಿ ಕ್ಲಬ್ಬಿನಿಂದ ಹೊರನಡೆಯುತ್ತಾನೆ.

ಇದನ್ನು ಕಾದಂಬರಿಕಾರರ ಅತಿಶಯೋಕ್ತಿಯೆಂದು ಯಾರೂ ತಿಳಿಯಬಾರದು. 1883ರಲ್ಲಿ ಇಲ್ಬರ್ಟ್ ಮಸೂದೆ ಬಂದಾಗ, ಜಿಲ್ಲೆಗಳಲ್ಲಿ ಭಾರತೀಯ ನ್ಯಾಯಾಧೀಶರು ಯೂರೋಪಿಯನ್ನರನ್ನೂ ವಿಚಾರಿಸಬಹುದೆಂಬ ಒಂದೇ ಅಂಶಕ್ಕೆ ಇಲ್ಲಿದ್ದ ಬಿಳಿಯರು ದಂಗೆಯೆದ್ದಂತೆ ಎದ್ದರು. ಅವರು ಮುಂದೊಡ್ಡಿದ ದೊಡ್ಡ ನೆವ ತಮ್ಮ ಹೆಂಗಸರ ಮಾನ. ಕೊನೆಗೆ ಯೂರೋಪಿಯನ್ ಆರೋಪಿಗಳಿಗೆ ಅರ್ಧದಷ್ಟಾದರೂ ಬಿಳಿಯರೇ ಇರುವ ಜ್ಯೂರಿಯ ಹಕ್ಕನ್ನು ಕೊಟ್ಟು ಸರ್ಕಾರ ರಾಜಿಯಾಗಬೇಕಾಯಿತು. 1919ರಲ್ಲಿ ಅಮೃತಸರದ ಒಂದು ಓಣಿಯಲ್ಲಿ ಆಂಗ್ಲ ಮಿಷನರಿ ಮಹಿಳೆಯೊಬ್ಬಳ ಮೇಲೆ ಹಲ್ಲೆಯಾದಾಗ, ಆ ಓಣಿಯಲ್ಲಿ ಹಾಯುವ ಭಾರತೀಯರೆಲ್ಲರೂ ತೆವಳಿಕೊಂಡೇ ಹೋಗಬೇಕೆಂದು ಜನರಲ್ ಡೈಯರ್ ಆಜ್ಞೆಮಾಡಿದ. ಐದು ವರ್ಷಗಳ ನಂತರ ಪ್ರಕಟವಾದ ಕಾದಂಬರಿಯಲ್ಲಿ ಕಲೆಕ್ಟರನ ಹೆಂಡತಿ ಕಾರುವ ಕೋಪದಲ್ಲಿ ಆ ತೆವಳಿಕೆಯ ನೆನಪಿದೆ. ಆದುದರಿಂದ ಚಂದ್ರಾಪುರದ ಕೋರ್ಟಿನಲ್ಲಿ ವಿಚಾರಣೆಗೆ ನಿಂತದ್ದು ಅಜೀಜನೊಬ್ಬನೇ ಅಲ್ಲ. 'ನಮ್ಮ ಹೆಂಗಸು' ಎಂಬ ಒಂದು ಮಾತಿನ ಬಲದಿಂದ ಒಂದು ಜನಾಂಗವನ್ನೇ ಆರೋಪಿಯಾಗಿಸುವ ಪದ್ಧತಿ. ಆ ಪದ್ಧತಿ ಇಂಗ್ಲಿಷರೊಡನೆ ಹಡಗು ಹತ್ತಿ ಹೋಯಿತೆಂದು ನಂಬುವಷ್ಟು ಮುಗ್ಧರು ಈ ಪತ್ರಿಕೆಯ ಓದುಗರಲ್ಲಿ ಇರಲಾರರು.

ಕೋರ್ಟಿನ ದೃಶ್ಯ ತಿಳಿದವರು ಮತ್ತೆ ಮತ್ತೆ ನೋಡಬೇಕಾದಂಥದು. ಮ್ಯಾಜಿಸ್ಟ್ರೇಟರ ಪೀಠದಲ್ಲಿ ದಾಸ್ ಎಂಬ ಭಾರತೀಯ, ರಾನಿಯ ಕೈಕೆಳಗಿನವನು. ತೀರ್ಪು ಹೇಗೆ ಕೊಟ್ಟರೂ ಒಂದು ಕಡೆಯವರ ಕೋಪ ತಪ್ಪಿದ್ದಲ್ಲ. ಬಿಳಿಯರು ತಮ್ಮ ಕುರ್ಚಿಗಳನ್ನು ವೇದಿಕೆಯ ಮೇಲಕ್ಕೇ ಎಳೆದುಕೊಂಡಾಗ ಪ್ರತಿವಾದಿಯ ವಕೀಲ ಅಮೃತರಾವ್ ಆಕ್ಷೇಪಿಸುತ್ತಾನೆ, ದಾಸ್ ಅವರನ್ನು ಕೆಳಗಿಳಿಸುತ್ತಾನೆ. ಆ ಕುರ್ಚಿಗಳು ಇಳಿಯುವಲ್ಲಿ ಸಾಮ್ರಾಜ್ಯವೇ ಒಂದು ಮೆಟ್ಟಲು ಇಳಿದಂತೆ ಕಾಣುತ್ತದೆ. ರೋಷನ್ ಸೇಠ್ ಅವರ ಅಮೃತರಾವ್, ರಶೀದ್ ಕರಪಿಯೆತ್ ಅವರ ದಾಸ್, ಇಬ್ಬರೂ ಸ್ವಲ್ಪವೇ ಹೊತ್ತು ತೆರೆಯ ಮೇಲಿರುವವರು. ಆದರೆ ಬೆವರುತ್ತ, ತಡವರಿಸುತ್ತ, ಆದರೂ ಪೀಠದ ಮರ್ಯಾದೆಯನ್ನು ಬಿಡದ ದಾಸ್‌ನನ್ನು ನಾನು ಮರೆಯಲಾರೆ. ಸರ್ಕಾರಿ ನೌಕರಿಯಲ್ಲಿ ಮೇಲಿನವರ ಮುಖ ನೋಡಿ ನಡೆಯಬೇಕಾದ ಎಷ್ಟೋ ಮಂದಿಗೆ ಅವನು ನೆಂಟನಂತೆ ಕಂಡಾನು.

ಹೊರಗೆ ಗುಂಪು ಮಿಸೆಸ್ ಮೂರ್ ಅವರ ಹೆಸರನ್ನು ಮಂತ್ರದಂತೆ ಕೂಗುತ್ತಿದೆ. ಅಡೆಲಾ ಕಟಕಟೆಗೆ ಬರುತ್ತಾಳೆ. ಮೆಕ್‌ಬ್ರೈಡ್ ಒಂದೊಂದೇ ಪ್ರಶ್ನೆಯಿಂದ ಅವಳನ್ನು ಮತ್ತೆ ಬಂಡೆ ಹತ್ತಿಸುತ್ತಾನೆ. 'ಆತ ನಿಮ್ಮ ಹಿಂದೆ ಗುಹೆಗೆ ಬಂದನಲ್ಲವೆ?' ಎಂಬ ಅರ್ಥದ ಪ್ರಶ್ನೆ ಬರುವಾಗ ಅವಳು ನಿಂತುಬಿಡುತ್ತಾಳೆ. ಜೂಡಿ ಡೇವಿಸ್ ಅವರ ಕಣ್ಣುಗಳು ಕೋರ್ಟನ್ನು ಬಿಟ್ಟು ಎಲ್ಲಿಯೋ ಹೋಗುತ್ತವೆ. ತಾನು ತಪ್ಪು ಹೇಳಿದೆ, ಅಜೀಜ್ ತನ್ನ ಹಿಂದೆ ಬರಲಿಲ್ಲ ಎಂದು ಹೇಳಿ ದೂರನ್ನು ಹಿಂತೆಗೆದುಕೊಳ್ಳುತ್ತಾಳೆ. ಮೇಲೆ ಗಾಜಿನ ಮಾಡಿನ ಮೇಲೆ ಮಳೆ ಒಮ್ಮೆಗೇ ಸುರಿಯತೊಡಗುತ್ತದೆ. ಈ ಮಳೆ ಸ್ವಲ್ಪ ಅತಿಯಾಯಿತೆಂದು ಹೇಳುವವರಿದ್ದಾರೆ. ಚೈತ್ರ ವೈಶಾಖದ ಬಿಸಿಲನ್ನು ಕಂಡ ನಮಗೆ ಅತಿಯೆನಿಸುವುದಿಲ್ಲ.

ಗಮನಿಸಬೇಕಾದುದೆಂದರೆ, ಅವಳು ನಿಜವನ್ನು ಕಂಡುಹಿಡಿಯಲಿಲ್ಲ. ಗುಹೆಯಲ್ಲಿ ಏನಾಯಿತೆಂಬುದು ಅವಳಿಗೆ ಈಗಲೂ ತಿಳಿಯದು. ತನಗೆ ತಿಳಿಯದು ಎಂಬುದಷ್ಟೇ ಅವಳಿಗೆ ತಿಳಿಯಿತು. ಅದನ್ನು ತನ್ನವರೆಲ್ಲರ ಎದುರಿಗೆ ಒಪ್ಪಿಕೊಂಡಳು. ಮದುವೆ ಮುರಿಯಿತು, ಕ್ಲಬ್ಬು ಕೈಬಿಟ್ಟಿತು, ಗೆದ್ದ ಭಾರತೀಯರೂ ಅವಳನ್ನು ಸೇರಿಸಲಿಲ್ಲ. ಅಪರಾಧಚಿತ್ರದ ನಾಯಕ ಸಾಮಾನ್ಯವಾಗಿ ಅಪರಾಧಿಯನ್ನು ಹಿಡಿಯುವವನು. ಇಲ್ಲಿ ಹಿಡಿದವನನ್ನು ಬಿಡಿಸುವವಳು ಫಿರ್ಯಾದಿಯೇ. 'ಶೋಲೆ'ಯಲ್ಲಿ ಪೋಲೀಸು ಅಧಿಕಾರಿಯಾಗಿದ್ದ ಠಾಕೂರನೇ ಕಾನೂನನ್ನು ಬದಿಗಿಟ್ಟು ಸೇಡಿಗೆ ಇಳಿಯುತ್ತಾನೆ. ಅವನು ಗಬ್ಬರನನ್ನು ತುಳಿದು ಕೊಲ್ಲುವ ಮೂಲ ಅಂತ್ಯವನ್ನು ತುರ್ತುಪರಿಸ್ಥಿತಿಯ ಕಾಲದ ಸೆನ್ಸಾರು ಒಪ್ಪದೆ, ಕೊನೆಯ ಗಳಿಗೆಯಲ್ಲಿ ಪೋಲೀಸರನ್ನು ತಂದು ನಿಲ್ಲಿಸಬೇಕಾಯಿತು. ಆ ಮೂಲ ಅಂತ್ಯ ಐವತ್ತು ವರ್ಷಗಳ ಬಳಿಕ, 2025ರಲ್ಲಿ, ಮತ್ತೆ ತೆರೆಗೆ ಬಂದಿತು. ಒಂದೇ ಬೆಟ್ಟದಲ್ಲಿ ಎರಡು ನ್ಯಾಯಗಳು: ಒಂದರಲ್ಲಿ ಅಪರಾಧಿ ಯಾರೆಂಬುದರಲ್ಲಿ ಸಂದೇಹವಿಲ್ಲ, ಕಾನೂನಿನಲ್ಲಿ ನಂಬಿಕೆಯಿಲ್ಲ, ಇನ್ನೊಂದರಲ್ಲಿ ಅಪರಾಧವೇ ಸಂದೇಹ, ಆದರೂ ಕಾನೂನು ಹೇಗೋ, ಬಹುಮಟ್ಟಿಗೆ ಆಕಸ್ಮಿಕವಾಗಿ, ತನ್ನ ಮಾನ ಉಳಿಸಿಕೊಳ್ಳುತ್ತದೆ.

ಬೆಟ್ಟದ ಹೆಸರೂ ರಾಮದೇವರದು. ಲೋಕಾಪವಾದಕ್ಕೆ ಅಂಜಿ ಹೆಂಡತಿಯನ್ನು ಕಾಡಿಗೆ ಕಳುಹಿದ ಅರಸನ ಕಥೆಯನ್ನು ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಓದಿ ಕಣ್ಣೀರಿಟ್ಟ ಜನ ನಾವು. ಅಪವಾದವೆಂದರೆ ಏನು, ಅದಕ್ಕೆ ಪುರಾವೆ ಬೇಕಾಗುವುದಿಲ್ಲ ಎಂಬುದು ನಮಗೆ ಹೊಸ ಪಾಠವಲ್ಲ. ಅಪವಾದ ಹೊರಿಸಿದವರೇ ಎದ್ದುನಿಂತು ಅದನ್ನು ಹಿಂತೆಗೆದುಕೊಂಡ ಕಥೆ ಮಾತ್ರ ನಮ್ಮಲ್ಲಿ ಅಪರೂಪ.

ಇಷ್ಟು ಹೊಗಳಿದ ಮೇಲೆ ದೋಷಗಳನ್ನು ಮುಚ್ಚಿಡುವುದು ಸರಿಯಲ್ಲ. ಮೊದಲನೆಯದು ಎಲ್ಲರಿಗೂ ಕಾಣುವಂಥದು: ಗೋಡ್ಬೋಲೆಯ ಪಾತ್ರಕ್ಕೆ ಅಲೆಕ್ ಗಿನ್ನೆಸ್. ಮಹಾನಟರೇನೋ ಹೌದು, ಆದರೆ ಬಣ್ಣ ಬಳಿದುಕೊಂಡು, ಪೇಟ ಸುತ್ತಿಕೊಂಡು ಅವರು ಮಾಡುವ ಬ್ರಾಹ್ಮಣ ಹಾಸ್ಯಕ್ಕೂ ಗಾಂಭೀರ್ಯಕ್ಕೂ ನಡುವೆ ತೂಗಾಡುತ್ತಾನೆ. ವಿಕ್ಟರ್ ಬ್ಯಾನರ್ಜಿ, ಸಯೀದ್ ಜಾಫ್ರಿ, ರೋಷನ್ ಸೇಠ್ ಅಂಥವರು ಸುತ್ತಲೂ ಇರುವಾಗ ಈ ವೇಷ ಇನ್ನಷ್ಟು ಎದ್ದು ಕಾಣುತ್ತದೆ. ಚಿತ್ರೀಕರಣ ನಡೆದದ್ದು ಬೆಂಗಳೂರಿನ ಸುತ್ತ. ಆ ಕಾಲದ ನಮ್ಮ ಹವ್ಯಾಸಿ ರಂಗಭೂಮಿಯಲ್ಲಿ ಹುಡುಕಿದ್ದರೂ ಒಬ್ಬ ಗೋಡ್ಬೋಲೆ ಸಿಗುತ್ತಿರಲಿಲ್ಲವೆ?

ಎರಡನೆಯ ದೋಷ ಇದಕ್ಕಿಂತ ಸೂಕ್ಷ್ಮವಾದುದು, ನನ್ನ ಮಟ್ಟಿಗೆ ಹೆಚ್ಚು ಗಂಭೀರವಾದುದು. ಗುಹೆಗೆ ಹೋಗುವ ಮುನ್ನ ಅಡೆಲಾ ಒಬ್ಬಳೇ ಸೈಕಲ್ ತುಳಿದುಕೊಂಡು ಹೋಗಿ ಪಾಳುಬಿದ್ದ ಒಂದು ದೇವಾಲಯವನ್ನು ಕಾಣುತ್ತಾಳೆ. ಗೋಡೆಗಳ ತುಂಬ ಮಿಥುನಶಿಲ್ಪಗಳು. ಕೋತಿಗಳ ಹಿಂಡು ಕಿರುಚಿಕೊಂಡು ಅವಳನ್ನು ಅಟ್ಟುತ್ತದೆ. ಕಾದಂಬರಿಯಲ್ಲಿ ಇದಿಲ್ಲ, ಲೀನ್ ಅವರ ಸ್ವಂತ ಸೃಷ್ಟಿ. ದೃಶ್ಯವಾಗಿ ಬಲು ಚೆನ್ನಾಗಿದೆ, ಅದೇ ತೊಂದರೆ. ಅದನ್ನು ಕಂಡ ಪ್ರೇಕ್ಷಕನ ಕೈಗೆ ಗುಹೆಯ ರಹಸ್ಯಕ್ಕೆ ಒಂದು ಬೀಗದ ಕೈ ಸಿಕ್ಕಿಬಿಡುತ್ತದೆ: ಅದುಮಿಟ್ಟ ಬಯಕೆ, ಅದರ ಭಯ, ಅದರಿಂದ ಹುಟ್ಟಿದ ಭ್ರಮೆ. ಉತ್ತರವಿಲ್ಲದಿರುವುದೇ ಬಲವಾಗಿದ್ದ ಕಥೆಗೆ ಲೀನ್ ಮೆಲ್ಲಗೆ ಅರ್ಧ ಉತ್ತರವನ್ನು ಜಾರಿಸಿದಂತಾಯಿತು. ಬಿಸಿಲಿಗೆ ಕಾದ ನಮ್ಮ ಬೋಳು ಬಂಡೆ ಏನನ್ನೂ ಸೂಚಿಸದೆ ಮಾಡಿದ ಕೆಲಸವನ್ನು ಆ ಕೆತ್ತಿದ ಕಲ್ಲುಗಳು ಕೆಡಿಸಿದವು. ಶಿಲ್ಪಕ್ಕಿಂತ ಬಂಡೆ ಮೇಲು ಎಂದು ಹೇಳಬೇಕಾದ ಸಂದರ್ಭ ನನ್ನಂಥವನಿಗೆ ಹೆಚ್ಚಾಗಿ ಬರುವುದಿಲ್ಲ.

ಮೂರನೆಯದು ಅಂತ್ಯ. ಫಾರ್ಸ್ಟರ್ ಅವರ ಕಾದಂಬರಿ ಮಾವು ಎಂಬ ಹಿಂದೂ ಸಂಸ್ಥಾನದಲ್ಲಿ, ಕೃಷ್ಣಜನ್ಮೋತ್ಸವದ ಗದ್ದಲದ ನಡುವೆ, ಫೀಲ್ಡಿಂಗ್ ಮತ್ತು ಅಜೀಜ್ ಸ್ನೇಹಿತರಾಗಲು ಹವಣಿಸಿ ಆಗದೆ ಅಗಲುವಲ್ಲಿ ಮುಗಿಯುತ್ತದೆ. ಕುದುರೆಗಳು, ನೆಲ, ಆಕಾಶ ಎಲ್ಲವೂ ಆ ಸ್ನೇಹಕ್ಕೆ ಇನ್ನೂ ಕಾಲ ಬಂದಿಲ್ಲವೆನ್ನುತ್ತವೆ. ಲೀನ್ ಅವರು ಅದನ್ನು ಕಾಶ್ಮೀರಕ್ಕೆ ಕೊಂಡೊಯ್ದು, ಹಿಮದ ಹಿನ್ನೆಲೆಯಲ್ಲಿ ರಾಜಿಮಾಡಿಸಿ, ಅಡೆಲಾಳಿಗೆ ಅಜೀಜನಿಂದ ಒಂದು ಕ್ಷಮೆಯ ಕಾಗದವನ್ನೂ ಬರೆಸುತ್ತಾರೆ. ಇದರಿಂದ ಮನಸ್ಸಿಗೆ ನೆಮ್ಮದಿಯಾಗುತ್ತದೆ. ಆದರೆ ನೆಮ್ಮದಿ ಕೊಡುವುದಕ್ಕೆ ಈ ಕಥೆ ಹುಟ್ಟಿರಲಿಲ್ಲ. ಎಪ್ಪತ್ತಾರು ವರ್ಷದ ನಿರ್ದೇಶಕರು, ಹದಿನಾಲ್ಕು ವರ್ಷ ಒಂದು ಚಿತ್ರವನ್ನೂ ಬಿಡುಗಡೆ ಮಾಡದೆ ಇದ್ದು ಮಾಡಿದ ತಮ್ಮ ಕೊನೆಯ ಚಿತ್ರ ಇದು. ವಯಸ್ಸಾದವರಿಗೆ ಜಗಳಗಳು ಮುಗಿಯಲಿ ಎಂಬ ಆಸೆ ಇರುತ್ತದೆ ಎಂದು ಬಗೆದು ಒಪ್ಪಿಕೊಳ್ಳೋಣವೆ? ಒಪ್ಪಲು ನನಗೆ ಮನಸ್ಸಿಲ್ಲ. ಬಿಡುಗಡೆಯಾದ ಮೇಲೆ ಅಜೀಜ್ ಗಡುಸಾಗಿ, ಸೂಟುಬೂಟು ಬಿಟ್ಟು ತನ್ನವರ ಉಡುಪು ಧರಿಸಿ, ಫೀಲ್ಡಿಂಗನಿಗೂ ಮುಖ ತಿರುಗಿಸುತ್ತಾನಲ್ಲ, ಅಲ್ಲಿ ವಿಕ್ಟರ್ ಬ್ಯಾನರ್ಜಿಯವರ ನಟನೆ ಪ್ರಶಸ್ತಿಗಳಿಗೆ ಮೀರಿದ್ದು. ನಗುತ್ತ, ತೊದಲುತ್ತ, ಅತಿಥಿಗಳನ್ನು ಮೆಚ್ಚಿಸಲು ಚಲಿಸುವ ರೈಲಿನ ಹೊರಗೆ ಜೋತಾಡಿದ ಆ ಮನುಷ್ಯ ಇನ್ನು ಬರುವುದಿಲ್ಲ. ನಿರಪರಾಧಿಯೆಂದು ಸಾಬೀತಾದ ಮೇಲೂ ಮರಳಿ ಸಿಗದೆ ಹೋಗುವುದು ಯಾವುದೆಂದು ಆ ಮುಖದಲ್ಲಿ ಕಾಣುತ್ತದೆ. ಹಿಮಾಲಯದ ನೆಮ್ಮದಿ ಅದನ್ನು ಅಳಿಸಲಾರದು.

ಪೆಗ್ಗಿ ಆಶ್‌ಕ್ರಾಫ್ಟ್ ಅವರಿಗೂ ಸಂಗೀತ ನೀಡಿದ ಮಾರಿಸ್ ಜಾರ್ ಅವರಿಗೂ ಆಸ್ಕರ್ ಬಂದಿತು. ಮೊದಲನೆಯದರ ಬಗ್ಗೆ ಎರಡು ಮಾತಿಲ್ಲ. ಸಂಗೀತ ನನಗೆ ಅಷ್ಟು ರುಚಿಸಲಿಲ್ಲ. ಗುಹೆಯ ಮಾರ್ದನಿಯ ಪಕ್ಕದಲ್ಲಿ ಯಾವ ವಾದ್ಯಗೋಷ್ಠಿಯೂ ಸ್ವಲ್ಪ ಹಗುರವೇ.

ಒಬ್ಬ ಪಾತ್ರಧಾರಿಯ ಮಾತು ಉಳಿಯಿತು. ಬಂಡೆ ಹತ್ತಿದವರು ಮೂವರು ಎಂದೆ. ಅಜೀಜನ ಮಾತನ್ನು ಕೋರ್ಟು ಕೇಳಿತು, ಅಡೆಲಾಳ ಮಾತನ್ನೂ ಕೇಳಿತು. ಮೂರನೆಯವನು ಆ ದಾರಿ ತೋರಿಸಿದ ಹಳ್ಳಿಗ. ಶೀರ್ಷಿಕೆಗಳಲ್ಲಿ ಅವನಿಗೊಂದು ಹೆಸರೂ ಇಲ್ಲ, 'ಗೈಡ್' ಎಂದಷ್ಟೇ ಇದೆ. ಕಾದಂಬರಿಯಲ್ಲಿ, ಅಡೆಲಾ ಕಣ್ಣಿಗೆ ಬೀಳದೆ ಗಾಬರಿಗೊಂಡ ಅಜೀಜ್ ಅವನ ಕೆನ್ನೆಗೆ ಬಾರಿಸುತ್ತಾನೆ, ಅವನು ಓಡಿಹೋಗುತ್ತಾನೆ. ಗುಹೆಗೆ ಹೊಕ್ಕವನು ಅವನೇ ಇರಬಹುದೇ ಎಂಬ ಅನುಮಾನ ಫೀಲ್ಡಿಂಗನಿಗೆ ಬರುವುದು ಎಲ್ಲವೂ ಮುಗಿದ ಮೇಲೆ. ಅಷ್ಟುಹೊತ್ತಿಗೆ ಅವನನ್ನು ಹುಡುಕುವ ಅಗತ್ಯ ಇಂಗ್ಲಿಷರಿಗೂ ಇಲ್ಲ, ಅಜೀಜನ ಗೆಳೆಯರಿಗೂ ಇಲ್ಲ. ಯಾವ ಗುಹೆಗೆ ಯಾವ ದಾರಿ, ಯಾವುದರಲ್ಲಿ ಯಾರು ಹೊಕ್ಕರು ಎಂಬುದನ್ನು ಹೇಳಬಹುದಾಗಿದ್ದವನು ಆ ಬೆಟ್ಟದ ಬುಡದ ಊರಿನ ಅವನೊಬ್ಬನೇ. ಅವನನ್ನು ಯಾರೂ ಸಾಕ್ಷಿಗೆ ಕರೆಯಲಿಲ್ಲ.